ಕನ್ನಡದ ಬ್ರಷ್ ಬರಹವನ್ನು ಫಾಂಟ್ ಮಾಡುವುದು: ಕಾಗದದಿಂದ ಬೋರ್ಡ್‌ವರೆಗೆ

ಅಂಗಡಿ ಬೋರ್ಡಿನ ಕೈಬರಹದ ಹದವಿರುವ ಒಂದು ಕನ್ನಡ ಡಿಸ್‌ಪ್ಲೇ ಫಾಂಟನ್ನು ಮೊದಲ ಗೆರೆಯಿಂದ ಹಿಡಿದು ಬೋರ್ಡಿಗೆ ಏರಿಸುವವರೆಗೆ ಕಟ್ಟಿದ ಕ್ರಮ ಇಲ್ಲಿದೆ. ಒಂದೇ ತೂಕ, ದಪ್ಪ ಗೆರೆ, ಬಿಗಿಯಿಲ್ಲದ ಕೈ. ಶೀರ್ಷಿಕೆ, ಪೋಸ್ಟರ್, ಮುಖಪುಟ, ನಾಮಫಲಕ, ಇಷ್ಟಕ್ಕೇ ಇದರ ಬಳಕೆ. ಪುಟಗಟ್ಟಲೆ ಓದಿಸುವ ಅಕ್ಷರ ಇದಲ್ಲ.

ರೋಮನ್ ಲಿಪಿಯಲ್ಲಿ ಈ ಜಾತಿ ಹಳೆಯದು. ರಾಬರ್ಟ್ ಸ್ಮಿತ್ ಅವರ ಬ್ರಷ್ ಸ್ಕ್ರಿಪ್ಟ್ ಬಂದದ್ದು 1942ರಲ್ಲಿ, ಫ್ರಾನ್ಸಿನ ರೋಜೆ ಎಕ್ಸ್‌ಕೊಫೊನ್ ಮಾಡಿದ ಮಿಸ್ಟ್ರಾಲ್ 1953ರಲ್ಲಿ. ಅಲ್ಲಿ ಸಣ್ಣಕ್ಷರ, ದೊಡ್ಡಕ್ಷರ ಸೇರಿ 52 ರೂಪಗಳಿಗೆ ಕೈ ಕೂತರೆ ಬಹುಪಾಲು ಕೆಲಸ ಮುಗಿಯಿತು. ಕನ್ನಡದಲ್ಲಿ 52 ರೂಪ ಮುಗಿಸಿದಾಗ ಇನ್ನೂ ಗುಡಿಸು ಶುರುವಾಗಿರುವುದಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ಬಾಲೂ ತಮ್ಮ ದಪ್ಪಗೆ, ಗುಂಡಗೆ, ಸ್ನೇಹದ ಮುಖವಿರುವ ಅಕ್ಷರ. ಹುಬ್ಬಳ್ಳಿ ಎಂಬ ಫಾಂಟ್ ಒಂದೇ ದಪ್ಪದ ಗೆರೆಯದು. ಎರಡೂ ಒಳ್ಳೆಯವೇ. ಆದರೆ ಬ್ರಷ್ ಒತ್ತಿದಲ್ಲಿ ಉಬ್ಬಿ, ಎತ್ತಿದಲ್ಲಿ ಚೂಪಾಗುವ ಗೆರೆ ಬೇಕಾದರೆ ಅದನ್ನು ಬೇರೆಯಾಗಿಯೇ ಬರೆಯಬೇಕು.

ಇಡೀ ಕೆಲಸಕ್ಕೆ ಆಧಾರವಾದ ಒಂದು ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡದ ಬ್ರಷ್ ಬರಹಕ್ಕೆ ಚಹರೆ ಬರುವುದು ತಲೆಕಟ್ಟಿನಿಂದ ಮತ್ತು ಒತ್ತಿನಿಂದ. ಹೊಟ್ಟೆಯ ದುಂಡು ಯಾರು ಬರೆದರೂ ಹೆಚ್ಚುಕಡಿಮೆ ಒಂದೇ. ತಲೆಕಟ್ಟಿನ ಏರು, ಅದರ ಬಾಲದ ಚಿಮ್ಮು, ಒತ್ತು ಕೂತ ಜಾಗ, ಇವುಗಳಲ್ಲಿ ಬರೆದವರ ಕೈ ಕಾಣುತ್ತದೆ. ಆದ್ದರಿಂದ ಹೆಚ್ಚಿನ ಹೊತ್ತು ಇವೆರಡಕ್ಕೇ ಹೋಗಬೇಕು.

ಎಷ್ಟು ರೂಪ ಬೇಕು

ವರ್ಣಮಾಲೆಯ 34 ವ್ಯಂಜನಗಳಿಗೆ ಕ್ಷ, ಜ್ಞ ಸೇರಿಸಿದರೆ 36. ಒಂದೊಂದಕ್ಕೂ ಮೂರು ರೂಪ: ತಲೆಕಟ್ಟಿನ ಕ, ತಲೆಕಟ್ಟು ಕಳಚಿದ್ದು, ಅಂದರೆ ಕಾ, ಕೆ, ಕೊ, ಕೌ, ಕ್ ಇವುಗಳೊಳಗೆ ಬರುವ ರೂಪ, ಮತ್ತು ಗುಡಿಸು ಸೇರಿದ ಕಿ. ಅಲ್ಲಿಗೆ 108. ಒತ್ತುಗಳು 34. ಸ್ವರಗಳು ೠ ಸೇರಿ 14. ಇಳಿ, ಕೊಂಬು, ಕೊಂಬಿನಿಳಿ, ವಟ್ರಸುಳಿ, ಏತ್ವ, ದೀರ್ಘ, ಐತ್ವದ ಕೆಳಗುರುತು, ಔತ್ವ, ಹಲಂತ, ಸೊನ್ನೆ, ವಿಸರ್ಗ, ಅರ್ಕಾವೊತ್ತು, ಇವುಗಳ ಬದಲಿ ರೂಪಗಳೂ ಸೇರಿ 16ರಷ್ಟು. ಕನ್ನಡ ಅಂಕಿ 10, ಇಂಗ್ಲಿಷ್ ಅಂಕಿ 10, ವಿರಾಮಚಿಹ್ನೆ ಮತ್ತು ರೂಪಾಯಿ ಗುರುತು ಎಲ್ಲ ಸೇರಿ ಸುಮಾರು 30. ಮೊತ್ತ 222. ಇದರ ಮೇಲೆ ಪರ್ಯಾಯ ರೂಪಗಳು.

ಗುಡಿಸನ್ನು ಪ್ರತ್ಯೇಕ ಗುರುತಾಗಿ ಮಾಡಿ ಅಕ್ಷರದ ನೆತ್ತಿಗೆ ಅಂಟಿಸಿದರೆ 36 ರೂಪ ಉಳಿಯುತ್ತದಲ್ಲ ಎಂಬ ಆಸೆ ಬರುವುದು ಸಹಜ. ಬ್ರಷ್ ಬರಹದಲ್ಲಿ ಅದು ನಡೆಯುವುದಿಲ್ಲ. ಕಿ, ತಿ, ನಿ, ಮಿ, ಳಿ ಒಂದೊಂದರಲ್ಲೂ ಗುಡಿಸಿನ ಗೆರೆ ಹೊಟ್ಟೆಯಿಂದ ಬೇರೆಬೇರೆ ಕಡೆ ಏಳುತ್ತದೆ. ಅಂಟಿಸಿದ್ದು ಟೋಪಿ ಇಟ್ಟಂತೆ ಕಾಣುತ್ತದೆ, ಕೂಡುವ ಜಾಗದಲ್ಲಿ ಗಂಟು ಬೀಳುತ್ತದೆ. 36ನ್ನೂ ಬರೆಯಿರಿ.

ಉಳಿತಾಯ ಸಿಗುವುದು ಬೇರೆ ಕಡೆ. ಈ, ಏ, ಐ, ಒ, ಓ ಇವುಗಳ ಗುರುತುಗಳನ್ನು ಯೂನಿಕೋಡ್ ಬಿಡಿಭಾಗಗಳಾಗಿ ಒಡೆಯುತ್ತದೆ. ಕೀ ಎಂದರೆ ಕಿ ಮತ್ತು ದೀರ್ಘ. ಕೊ ಎಂದರೆ ಕೆ ಮತ್ತು ಕೊಂಬಿನಿಳಿ. ಕೋ ಎಂದರೆ ಅದರ ಮುಂದೊಂದು ದೀರ್ಘ. ಕೈ ಎಂದರೆ ಕೆ ಮತ್ತು ಕೆಳಗುರುತು. ಏತ್ವ, ಕೊಂಬಿನಿಳಿ, ದೀರ್ಘ ಈ ಮೂರನ್ನು ಚೆನ್ನಾಗಿ ಬರೆದರೆ ಅರ್ಧ ಕಾಗುಣಿತ ತಾನಾಗಿ ಕೂಡಿಕೊಳ್ಳುತ್ತದೆ.

ಸಾಮಾನು ಮತ್ತು ಗೆರೆಪಟ್ಟಿ

ಅಕ್ಷರದ ಮೈಗೆ 10 ಮಿ.ಮೀ. ಅಗಲದ ಚಪ್ಪಟೆ ಬ್ರಷ್, ಒತ್ತಿಗೆ 8 ಮಿ.ಮೀ.ನದು, ಚುಕ್ಕೆಗಳಿಗೆ 4ನೇ ನಂಬರಿನ ದುಂಡು ಬ್ರಷ್. ಚಪ್ಪಟೆ ಬ್ರಷ್ಷಿನ ಕೂದಲು 20 ಮಿ.ಮೀ.ಗಿಂತ ಉದ್ದವಿರಲಿ. ಕೂದಲು ಗಿಡ್ಡವಾದರೆ ಬಣ್ಣ ಹಿಡಿದಿಡುವುದಿಲ್ಲ, ದ ಅಥವಾ ಳ ಬರೆಯುವಾಗ ಸುತ್ತಿನ ನಡುವೆಯೇ ಒಣಗಿ ಗೆರೆ ಸೀಳುತ್ತದೆ. ಕಪ್ಪು ಪೋಸ್ಟರ್ ಕಲರ್ ಎರಡು ಭಾಗಕ್ಕೆ ನೀರು ಒಂದು ಭಾಗ. ಬ್ರಷ್ ಎತ್ತಿದಾಗ ಬಣ್ಣ ನೂಲಿನಂತೆ ಎಳೆದರೆ ಗಟ್ಟಿಯಾಯಿತು. ಕಾಗದದ ಮೇಲೆ ಅಂಚು ಹರಡಿದರೆ ನೀರು ಜಾಸ್ತಿ. ಡ್ರಾಯಿಂಗ್ ಇಂಕ್ ಬೇಡ, ತೀರ ತೆಳು, ಚಪ್ಪಟೆ ಬ್ರಷ್ಷಿನಲ್ಲಿ ನಿಲ್ಲುವುದಿಲ್ಲ. ಕಾಗದ 170 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್. ತರಿತರಿಯಾದ ಒಣ ಅಂಚು ಬೇಕಿದ್ದರೆ ಮಾತ್ರ ಕಾರ್ಟ್ರಿಜ್ ಪೇಪರ್.

ಅಳತೆ ಸುಲಭವಾಗಲೆಂದು ಕಾಗದದ 1 ಮಿ.ಮೀ.ಗೆ ಫಾಂಟಿನ 10 ಯೂನಿಟ್ ಎಂದು ಹಿಡಿಯಲಾಯಿತು. ಅಕ್ಷರದ ಚೌಕ 1000 ಯೂನಿಟ್. ಅಕ್ಷರ ಕೂರುವ ಅಡಿಗೆರೆಯಿಂದ ಹೊಟ್ಟೆಯ ಮೇಲ್ತುದಿ 48 ಮಿ.ಮೀ., ತಲೆಕಟ್ಟಿನ ನೆತ್ತಿ 60, ಗುಡಿಸಿನ ನೆತ್ತಿ 66. ಕೆಳಗೆ ಒತ್ತು 6 ಮಿ.ಮೀ. ಬಿಟ್ಟು ಶುರುವಾಗಿ 36ಕ್ಕೆ ಮುಗಿಯುತ್ತದೆ. ಈ ಗೆರೆಗಳನ್ನು ತಿಳಿನೀಲಿ ಪೆನ್ಸಿಲ್ಲಿನಲ್ಲಿ ಹಾಕಿ. ಸ್ಕ್ಯಾನ್ ಮಾಡಿ ನೀಲಿ ಚಾನೆಲ್ ಒಂದನ್ನೇ ತೆಗೆದುಕೊಂಡರೆ ಗೆರೆ ಮಾಯವಾಗಿ ಕಪ್ಪು ಮಾತ್ರ ಉಳಿಯುತ್ತದೆ. ಅಡ್ಡ ಹಿಡಿದ ಎ4 ಹಾಳೆಯಲ್ಲಿ ಸಾಲಿಗೆ ನಾಲ್ಕು ಅಕ್ಷರ. ಒತ್ತಿಲ್ಲದ್ದಾದರೆ ಎರಡು ಸಾಲು, ಒತ್ತಿದ್ದರೆ ಒಂದೇ ಸಾಲು.

ಬರೆಯುವುದು

ಬ್ರಷ್ಷಿನ ಅಂಚು ಅಡ್ಡಗೆರೆಗೆ 30 ಡಿಗ್ರಿ ಓರೆ. ಈ ಓರೆಯನ್ನು ಕದಲಿಸದೆ ರ ಸುತ್ತಿದರೆ ಎಡ ಮೇಲ್ಭಾಗ ಮತ್ತು ಬಲ ಕೆಳಭಾಗ ತೆಳ್ಳಗಾಗಿ, ಉಳಿದೆರಡು ಮೂಲೆ ದಪ್ಪಗಾಗುತ್ತವೆ. ಅದು ಶಿಸ್ತಿನ ಅಕ್ಷರಕ್ಕೆ ಚೆಂದ, ಬೋರ್ಡಿನ ಸಲೀಸು ಕೈಗೆ ಅಲ್ಲ. ಬೋರ್ಡ್ ಬರೆಯುವವರು ಸುತ್ತಿನಲ್ಲಿ ಬ್ರಷ್ಷನ್ನು ಹೆಬ್ಬೆರಳು ತೋರುಬೆರಳ ನಡುವೆ ಸ್ವಲ್ಪ ತಿರುಗಿಸುತ್ತಾರೆ. ಆಗ ಗೆರೆ ಎಲ್ಲೂ ಸಾಯುವುದಿಲ್ಲ. ಇಲ್ಲಿ ಗೆರೆಯ ದಪ್ಪ 105 ಯೂನಿಟ್ಟಿನ ಆಸುಪಾಸು, ಅತಿ ತೆಳುವಾದಲ್ಲಿ 62. ಅದಕ್ಕಿಂತ ಕೆಳಗಿಳಿದರೆ ದೂರದಿಂದ ನೋಡುವಾಗ ಅಕ್ಷರ ತುಂಡಾದಂತೆ ಕಾಣುತ್ತದೆ.

ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಶುರುಮಾಡಬೇಡಿ. ರ, ದ, ಕ, ನ, ಸ, ವ, ಲ ಮೊದಲು. ರ ಹೊಟ್ಟೆಯನ್ನೂ ತಲೆಕಟ್ಟನ್ನೂ ನಿರ್ಧರಿಸುತ್ತದೆ, ಅದರಿಂದ ಠ ಬರುತ್ತದೆ. ದ ದಿಂದ ಧ, ಥ. ವ ದಿಂದ ಪ, ಫ, ಷ, ಮ. ಬ ದಿಂದ ಭ. ಇವು ಕೂತ ಮೇಲೆ ಬಿಡಿ ಅಕ್ಷರ ಬರೆಯುವುದನ್ನು ನಿಲ್ಲಿಸಿ ಪದ ಬರೆಯಿರಿ: ಕನ್ನಡ, ಸಂತೆ, ದರ್ಶಿನಿ, ನಾಟಕ, ಮಳಿಗೆ. ಬಿಡಿಯಾಗಿ ಬರೆದ ಅಕ್ಷರ ಯಾವಾಗಲೂ ಬಿಗಿಯಾಗಿ ನಿಂತುಕೊಳ್ಳುತ್ತದೆ. ಪದದೊಳಗೆ ಓಡುವಾಗ ಬರುವ ಓರೆಯೇ ಈ ಫಾಂಟಿಗೆ ಬೇಕಾದದ್ದು, ಆಯ್ಕೆಯನ್ನೂ ಪದದೊಳಗಿನಿಂದಲೇ ಮಾಡಿ. ಒಂದೊಂದು ಅಕ್ಷರಕ್ಕೆ ಆರೆಂಟು ಮಾದರಿ ಎದುರಿಗಿದ್ದರೆ ಆರಿಸಲು ಅನುಕೂಲ. ಅದರಲ್ಲಿ ಅತಿ ಸುಂದರವಾದದ್ದನ್ನು ಆರಿಸಬಾರದು, ಪಕ್ಕದವರೊಂದಿಗೆ ಹೊಂದುವುದನ್ನು ಆರಿಸಬೇಕು.

ತಲೆಕಟ್ಟನ್ನು ಒಂದು ಸಲ ಬರೆದು ಎಲ್ಲ ಅಕ್ಷರಕ್ಕೂ ನಕಲು ಹೊಡೆಯುವುದು ಅಚ್ಚಿನ ಅಕ್ಷರದಲ್ಲಿ ನಡೆಯುತ್ತದೆ. ಇಲ್ಲಿ ಹಾಗೆ ಮಾಡಿದರೆ ಒಂದು ಸಾಲಿನಲ್ಲಿ ಎಂಟು ಹತ್ತು ಒಂದೇ ಥರದ ಚಿಮ್ಮು ಕಂಡು ಮೋಸ ಗೊತ್ತಾಗುತ್ತದೆ. ತಲೆಕಟ್ಟಿರುವ ಪ್ರತಿ ಅಕ್ಷರಕ್ಕೂ ಅದರದೇ ತಲೆಕಟ್ಟು ಇರಲಿ. ಏರು 4ರಿಂದ 10 ಡಿಗ್ರಿಯೊಳಗೆ. ಅದಕ್ಕಿಂತ ಹೆಚ್ಚಿದರೆ ಸಾಲೇ ಜಾರಿದಂತೆ ಕಾಣುತ್ತದೆ. ರ, ಠ, ದ ದಂಥ ಕಿರಿದಾದವಕ್ಕೆ ಗಿಡ್ಡದು. ಯ, ಹ, ಮ, ಳ ಇವಕ್ಕೆ ಉದ್ದದ್ದು. ತಲೆಕಟ್ಟು ಹೊಟ್ಟೆಯನ್ನು ಮುಟ್ಟುವ ಜಾಗದ ಎರಡೂ ಪಕ್ಕ ಬೆಣೆಯಾಕಾರದ ಬಿಳಿ ಉಳಿಯುತ್ತದೆ. ಆ ಬಿಳಿ ಬಾಯಿಯ ಬಳಿ 25 ಯೂನಿಟ್ಟಾದರೂ ಇರಬೇಕು. ಇಲ್ಲದಿದ್ದರೆ ಸಣ್ಣ ಅಳತೆಯಲ್ಲಿ, ಫ್ಲೆಕ್ಸ್ ಮುದ್ರಣದಲ್ಲಿ ಅದು ತುಂಬಿಹೋಗಿ ಅಕ್ಷರ ಗೂನು ಬೆನ್ನಿನದಾಗುತ್ತದೆ. ಖ, ಜ, ಟ, ಣ, ಬ, ಲ ಇಂಥವಕ್ಕೆ ತಲೆಕಟ್ಟೇ ಇಲ್ಲವಾದ್ದರಿಂದ ಅವು ಪಕ್ಕದವಕ್ಕಿಂತ ಕುಳ್ಳಗೆ ಕಾಣುತ್ತವೆ. ಅವುಗಳ ಹೊಟ್ಟೆಯನ್ನು 15ರಿಂದ 25 ಯೂನಿಟ್ ಎತ್ತರಿಸಿದರೆ ಕಣ್ಣಿಗೆ ಸರಿಹೋಗುತ್ತದೆ.

ಒತ್ತಿನ ವಿಷಯದಲ್ಲಿ ಅಡ್ಡದಾರಿ ಎಂದರೆ ಮೂಲ ಅಕ್ಷರವನ್ನು ಅರ್ಧಕ್ಕೆ ಇಳಿಸುವುದು. ಆಗ 105ರ ಗೆರೆ 52 ಆಗಿ, ಒತ್ತು ಬೇರೆ ಫಾಂಟಿನಿಂದ ತಂದಂತೆ ಬಡಕಲಾಗುತ್ತದೆ. ಅದಕ್ಕೇ 8 ಮಿ.ಮೀ. ಬ್ರಷ್. ಗೆರೆ 80ರಿಂದ 85 ಯೂನಿಟ್, ಎತ್ತರ 300. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲರೂಪವನ್ನು ಹೋಲುವುದೇ ಇಲ್ಲ. ಬೋರ್ಡುಗಳಲ್ಲಿ ಹೆಚ್ಚು ಬರುವ ಒತ್ತುಗಳಲ್ಲೂ ಇವೇ ಮುಂದು: ಶ್ರೀ, ನಮ್ಮ, ಅನ್ನ, ಮತ್ತು, ವಿದ್ಯಾ, ಎಲ್ಲ. ಈ ಆರಕ್ಕೆ ಬಿಡುಗೈಯಿಂದ ಬಾಲ ಎಳೆಯಲು ಅವಕಾಶವಿದೆ. ಉಳಿದವನ್ನು ತಲೆಕಟ್ಟಿಲ್ಲದೆ, ಹೊಟ್ಟೆಯೊಳಗಿನ ವಿವರ ಕಡಿಮೆ ಮಾಡಿ ಬರೆಯಿರಿ. ಠ, ಥ ದ ಒತ್ತಿನಲ್ಲಿ ಒಳಚುಕ್ಕೆಯನ್ನು ಬಿಡುವಂತಿಲ್ಲ, ಅದೇ ಅಕ್ಷರದ ಗುರುತು. ಆದ್ದರಿಂದ ಅವೆರಡಕ್ಕೆ ಮಾತ್ರ ಗೆರೆಯನ್ನು 70ಕ್ಕೆ ಇಳಿಸಿ ಒಳಜಾಗ ಉಳಿಸಿಕೊಳ್ಳಬೇಕು.

ದಪ್ಪ ಗೆರೆಯಲ್ಲಿ ಗೊಂದಲವಾಗುವ ಜೋಡಿಗಳು ಇವು: ರ ಮತ್ತು ಠ, ದ ಮತ್ತು ಧ, ಧ ಮತ್ತು ಥ, ಬ ಮತ್ತು ಭ, ಪ ಮತ್ತು ಷ. ಮಹಾಪ್ರಾಣದ ಸೀಳನ್ನು ಬ್ರಷ್ಷಿನ ಮೂಲೆಯಿಂದ, ಮೈಗೆರೆಯ ಮುಕ್ಕಾಲು ದಪ್ಪದಲ್ಲಿ, ಹೊಟ್ಟೆಯಿಂದ ಸ್ಪಷ್ಟವಾಗಿ ಕೆಳಗೆ ಇಳಿಯುವಂತೆ ಎಳೆಯಿರಿ. ಅಂಚಿನ ಮೇಲೆ ಸುಮ್ಮನೆ ಗೀಚಿದರೆ ಸಾಲದು.

ಇನ್ನೊಂದು ಅಪಾಯ ವು, ಪು ಗಳಲ್ಲಿದೆ. ವ ಕ್ಕೆ ಮಾಮೂಲಿ ಕೊಂಬನ್ನು ಬಲಕ್ಕೆ ಹಚ್ಚಿದರೆ ಅದು ಮ ಎಂದು ಓದಿಸಿಕೊಳ್ಳುತ್ತದೆ. ಹಾಗಾಗಿ ಪ, ಫ, ವ ಗಳಿಗೆ ಕೆಳಗಿನಿಂದ ಎದ್ದು ಬರುವ ಬೇರೆ ಕೊಂಬು, ಬೇರೆ ಕೊಂಬಿನಿಳಿ ಬರೆದಿಡಬೇಕು. ಅಚ್ಚಿನಲ್ಲಿ ಕಣ್ಣು ಇದನ್ನು ಗಮನಿಸದೆ ದಾಟುತ್ತದೆ, ಬ್ರಷ್ಷಿನಲ್ಲಿ ಎಡವುತ್ತದೆ. ಅರ್ಕಾವೊತ್ತಿಗೂ ಕನ್ನಡದ ಒಂಬತ್ತಕ್ಕೂ ಇಂಥದ್ದೇ ಹೋಲಿಕೆ: ಅರ್ಕಾವೊತ್ತನ್ನು ಅಂಕಿಗಿಂತ ಕಿರಿದಾಗಿ, ಸ್ವಲ್ಪ ಗಿಡ್ಡವಾಗಿ ಇಡಿ. ಸೊನ್ನೆ 320 ಯೂನಿಟ್ ಎತ್ತರ, ಅಂಕಿಯ ೦ 480.

ಸ್ಕ್ಯಾನ್, ಹೊರಗೆರೆ

600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 60 ಮಿ.ಮೀ. ಎತ್ತರಕ್ಕೆ 1417 ಪಿಕ್ಸೆಲ್ ಸಿಗುತ್ತದೆ. ಅದು ಸಾಕು. ಇಂಕ್‌ಸ್ಕೇಪ್‌ನ ಬಿಟ್‌ಮ್ಯಾಪ್ ಟ್ರೇಸ್ ಬಳಸುವುದಾದರೆ ಚಿಕ್ಕ ಚುಕ್ಕಿ ಕಳೆಯುವ ಅಳತೆಯನ್ನು ಏರಿಸಿ, ಇಲ್ಲದಿದ್ದರೆ ಬಣ್ಣ ಸಿಡಿದ ಕಲೆಗಳೆಲ್ಲ ಅಕ್ಷರದ ಭಾಗವಾಗಿ ಬಂದುಬಿಡುತ್ತವೆ. ಟ್ರೇಸ್ ಕೊಟ್ಟ ಹೊರಗೆರೆಯನ್ನೇ ಫಾಂಟಿಗೆ ಹಾಕಬಾರದು. ಅದನ್ನು ಕೆಳಗಿಟ್ಟುಕೊಂಡು ಮೇಲೆ ಹೊಸದಾಗಿ ಎಳೆಯಬೇಕು. ಗ್ಲಿಫ್ಸ್, ಫಾಂಟ್‌ಲ್ಯಾಬ್, ಉಚಿತವಾದ ಫಾಂಟ್‌ಫೋರ್ಜ್, ಯಾವುದರಲ್ಲಾದರೂ ಸರಿ. ಪ್ರತಿ ವಕ್ರರೇಖೆಯ ಅತಿ ಎಡ, ಅತಿ ಬಲ, ಅತಿ ಮೇಲೆ, ಅತಿ ಕೆಳಗೆ ಒಂದೊಂದು ಬಿಂದು. ನಡುವೆ ಅಗತ್ಯವಿದ್ದಲ್ಲಿ ಮಾತ್ರ ಇನ್ನೊಂದು. ಕ ದಂಥ ಅಕ್ಷರ 30ರಿಂದ 45 ಬಿಂದುಗಳಲ್ಲಿ ಮುಗಿಯಬೇಕು. ಟ್ರೇಸ್ ಮಾಡಿದ್ದು ಇದರ ಹಲವು ಪಟ್ಟು ಬಿಂದು ತರುತ್ತದೆ. ಕಡತ ಉಬ್ಬುತ್ತದೆ, ವಿನೈಲ್ ಕತ್ತರಿಸುವ ಪ್ಲಾಟರ್ ಪ್ರತಿ ಬಿಂದುವಿನಲ್ಲೂ ತಡವರಿಸುತ್ತದೆ.

ಒಣ ಬ್ರಷ್ಷಿನ ಸೀಳುಗಳನ್ನು ಉಳಿಸಿಕೊಳ್ಳಬೇಕೇ ಎಂಬುದು ರುಚಿಯ ಪ್ರಶ್ನೆ. ಇಲ್ಲಿ ಮೈಯನ್ನು ನುಣುಪಾಗಿಟ್ಟು ಗೆರೆ ಮುಗಿಯುವ ತುದಿಗಳಲ್ಲಿ ಮಾತ್ರ ಎರಡು ಮೂರು ಹಲ್ಲು ಬಿಡಲಾಗಿದೆ. ಮೈತುಂಬ ಸೀಳಿದ್ದರೆ ಒಂದೇ ಅಕ್ಷರ ಎರಡನೇ ಸಲ ಬಂದಾಗ ಸೀಳೂ ಅದೇ ಜಾಗದಲ್ಲಿ ಬಂದು ಕೃತಕವೆನಿಸುತ್ತದೆ.

ಕೊನೆಗೆ ಮೇಲೆಮೇಲೆ ಬಿದ್ದ ತುಂಡುಗಳನ್ನು ಒಂದಾಗಿಸಿ, ಹೊರಗೆರೆಯ ದಿಕ್ಕು ಸರಿಪಡಿಸಿ. ಇದನ್ನು ಬಿಟ್ಟರೆ ತಲೆಕಟ್ಟು ಹೊಟ್ಟೆಗೆ ಕೂಡುವಲ್ಲಿ ಕೆಲವು ಸಾಫ್ಟ್‌ವೇರ್‌ಗಳು ಬಿಳಿ ತೂತು ತೋರಿಸುತ್ತವೆ, ಪ್ಲಾಟರ್ ಆ ಜಾಗವನ್ನು ಕತ್ತರಿಸಿಯೇಬಿಡುತ್ತದೆ.

ಕೂಡಿಕೆಯ ನಿಯಮಗಳು

ಚಿತ್ರ ಮುಗಿದ ಮೇಲೆ ಫಾಂಟ್ ಆಗುವುದು ಓಪನ್‌ಟೈಪ್ ನಿಯಮಗಳಿಂದ, ಅಂದರೆ ಯಾವ ಅಕ್ಷರಗಳು ಕೂಡಿದರೆ ಯಾವ ರೂಪ ಬರಬೇಕೆಂದು ಫಾಂಟಿನೊಳಗೆ ಬರೆದಿಡುವ ಸೂಚನೆಗಳಿಂದ. ಲಿಪಿಯ ಗುರುತು ಕೆಎನ್‌ಡಿ2 ಎಂದು ಇರಲಿ. ಹಳೆಯ ಕೆಎನ್‌ಡಿಎ ಗುರುತಿನಲ್ಲಿ ಒತ್ತಿನ ಕ್ರಮ ತಿರುಗುಮುರುಗು. ಕೆಎನ್‌ಡಿ2ದಲ್ಲಿ ಹಲಂತ ಮೊದಲು, ವ್ಯಂಜನ ಆಮೇಲೆ: ಹಲಂತ ಮತ್ತು ಕ ಸೇರಿ ಕ ಒತ್ತು. ಹಳೆಯ ಪಾಠ ನೋಡಿ ಉಲ್ಟಾ ಬರೆದರೆ ಒತ್ತು ಹುಟ್ಟುವುದೇ ಇಲ್ಲ, ಅಕ್ಕ ಹೋಗಿ ಅಕ್‌ಕ ಆಗಿ ನಿಲ್ಲುತ್ತದೆ.

ಈ ನಿಯಮಗಳನ್ನು ಫೀಚರ್ ಎಂಬ ಗುಂಪುಗಳಲ್ಲಿ ಬರೆಯುತ್ತಾರೆ. ಬೇಕಾದವು ಹೆಚ್ಚಿಲ್ಲ. ಎಕೆಎಚ್‌ಎನ್ ಎಂಬ ಫೀಚರ್‌ನಲ್ಲಿ ಕ್ಷ, ಜ್ಞ. ಆರ್‌ಪಿಎಚ್‌ಎಫ್‌ನಲ್ಲಿ ರ ಮತ್ತು ಹಲಂತ ಸೇರಿ ಅರ್ಕಾವೊತ್ತು. ಬಿಎಲ್‌ಡಬ್ಲ್ಯುಎಫ್‌ನಲ್ಲಿ 34 ಒತ್ತು. ಎಬಿವಿಎಸ್‌ನಲ್ಲಿ ಗುಡಿಸಿನ 36 ರೂಪ, ಮತ್ತು ಇಳಿ, ಏತ್ವ, ಔತ್ವಗಳ ಮುಂದೆ ತಲೆಕಟ್ಟು ಕಳಚುವ ನಿಯಮ. ಎಚ್‌ಎಎಲ್‌ಎನ್‌ನಲ್ಲಿ ಹಲಂತ ರೂಪ. ಇಲ್ಲಿ ಒಂದು ನೆಮ್ಮದಿಯ ಸಂಗತಿ ಇದೆ. ಅಕ್ಕಿ ಎಂದು ಟೈಪಿಸುವಾಗ ಗುಡಿಸು ಎರಡನೇ ಕ ದ ನಂತರ ಬರುತ್ತದೆ. ಆದರೆ ಹಾರ್ಫ್‌ಬಜ್‌ನಂಥ ಶೇಪಿಂಗ್ ಎಂಜಿನ್, ಅಂದರೆ ಟೈಪಿಸಿದ್ದನ್ನು ಫಾಂಟಿನ ರೂಪಗಳಾಗಿ ಜೋಡಿಸುವ ಸಾಫ್ಟ್‌ವೇರ್, ಗುಡಿಸು, ಇಳಿ, ಏತ್ವ, ಕೊಂಬುಗಳನ್ನು ಒತ್ತಿನ ಹಿಂದಕ್ಕೆ ತಂದು ಮೂಲ ವ್ಯಂಜನದ ಪಕ್ಕದಲ್ಲೇ ಕೂರಿಸುತ್ತದೆ. ಆದ್ದರಿಂದ ಕ ಮತ್ತು ಗುಡಿಸು ಸೇರಿ ಕಿ ಎಂಬ ಒಂದೇ ನಿಯಮ ಕಿ, ಕ್ಕಿ, ಕ್ತಿ ಎಲ್ಲಕ್ಕೂ ಸಾಕು.

ವಟ್ರಸುಳಿ, ದೀರ್ಘ, ಐತ್ವದ ಕೆಳಗುರುತು ಮಾತ್ರ ಒತ್ತಿನ ನಂತರವೇ ಉಳಿಯುತ್ತವೆ. ತೊಂದರೆ ಹುಟ್ಟುವುದು ಅಲ್ಲೇ. ಸ್ತ್ರೀ ಪದದಲ್ಲಿ ದೀರ್ಘ ಎರಡು ಒತ್ತುಗಳನ್ನು ದಾಟಿ ಬರುತ್ತದೆ. ಒತ್ತುಗಳು ಅಗಲ ಹಿಡಿದರೆ ದೀರ್ಘ ದೂರ ಓಡಿಹೋಗುತ್ತದೆ. ತ್ರೈಮಾಸಿಕದಲ್ಲಿ ರ ಒತ್ತೂ ಐತ್ವದ ಕೆಳಗುರುತೂ ಒಂದೇ ಮೂಲೆಗೆ ಬೀಳುತ್ತವೆ. ಪರಿಹಾರ: ಒತ್ತನ್ನು 160 ಯೂನಿಟ್ ಎಡಕ್ಕೆ, ಮೂಲ ಅಕ್ಷರದ ಅಡಿಗೆ ತಳ್ಳಿ ಬಲಕ್ಕೆ ಬಿಡುವ ಅಗಲವನ್ನು 90ರಿಂದ 140ಕ್ಕೆ ನಿಲ್ಲಿಸುವುದು. ಎರಡನೇ ಒತ್ತು ಬಂದರೆ ಅದನ್ನು ಮೊದಲನೆಯದರ ಕೆಳಗಿಡದೆ ಬಲಕ್ಕೆ, ಅದೇ ಮಟ್ಟದಲ್ಲಿಡುವುದು. ಕೆಳಗಿಟ್ಟರೆ ಸಾಲಿನ ಆಳ ಅನಗತ್ಯವಾಗಿ ಬೆಳೆಯುತ್ತದೆ. ಐತ್ವಕ್ಕೆ ಒತ್ತಿನ ಜೊತೆ ಬರುವಾಗ ಬಳಸಲು 70 ಪ್ರತಿಶತ ಅಳತೆಯ ಬದಲಿ ರೂಪ ಒಂದಿರಲಿ. ಲಕ್ಷ್ಮಿಯಲ್ಲಿ ಕ್ಷ ದ ಅಡಿಯಲ್ಲಿ ಆಗಲೇ ಷ ಕೂತಿರುವುದರಿಂದ ಮ ಒತ್ತಿಗೆ ಪ್ರತ್ಯೇಕ ಜಾಗ ಕೊಡಬೇಕು, ಸುಮಾರು 110 ಯೂನಿಟ್ ಬಲಕ್ಕೆ.

ಬೋರ್ಡಿಗೆ ಹೋಗುವ ಫಾಂಟಿನಲ್ಲಿ ಹಲಂತ ರೂಪಕ್ಕೆ ವಿಶೇಷ ಗಮನ ಕೊಡಿ. ಹೋಟೆಲ್, ಸ್ಟೋರ್ಸ್, ಮೆಡಿಕಲ್ಸ್, ಟೈಲರ್ಸ್, ಮಾರ್ಕೆಟ್: ಅಂಗಡಿ ಹೆಸರುಗಳಲ್ಲಿ ಹಲಂತವಿಲ್ಲದ್ದು ಅಪರೂಪ. ಹಲಂತದ ಕೊಕ್ಕೆಯನ್ನು ಅಕ್ಷರದ ಗೆರೆಯ ಮುಂದುವರಿಕೆಯಂತೆ ಬರೆದರೆ ಪದ ಚೆನ್ನಾಗಿ ಮುಗಿಯುತ್ತದೆ. ಪದದ ಕೊನೆಗೆ ಬಂದಾಗ ಮಾತ್ರ ಬಾಲ ಉದ್ದವಾಗುವ ಪರ್ಯಾಯ ಕೊಟ್ಟರೆ ಇನ್ನೂ ಚೆಂದ.

ಕಾಣದ ಎರಡು ಗುರುತುಗಳೂ ಫಾಂಟಿನೊಳಗಿರಬೇಕು: ಅಕ್ಷರ ಕೂಡದಂತೆ ತಡೆಯುವ ಜೆಡ್‌ಡಬ್ಲ್ಯುಎನ್‌ಜೆ, ಮತ್ತು ರ ಅರ್ಕಾವೊತ್ತಾಗದಂತೆ ಉಳಿಸುವ ಜೆಡ್‌ಡಬ್ಲ್ಯುಜೆ, ಎರಡೂ ಸೊನ್ನೆ ಅಗಲದಲ್ಲಿ. ಸಾಫ್ಟ್‌ವೇರ್ ಎಂಬ ಪದಕ್ಕೆ ಮೊದಲನೆಯದು ಬೇಕು, ರ‍್ಯಾಂಕ್ ಎಂಬುದಕ್ಕೆ ಎರಡನೆಯದು. ಚುಕ್ಕೆಗಳ ವೃತ್ತದ ಗ್ಲಿಫ್ (ಫಾಂಟಿನೊಳಗಿನ ಒಂದು ರೂಪ) ಕೂಡ ಇರಲಿ, ತಪ್ಪು ಟೈಪಿಸಿದ್ದನ್ನು ಬಳಕೆದಾರರಿಗೆ ತೋರಿಸುವುದು ಅದೇ.

ಜಾಗ, ಎತ್ತರ, ಪರ್ಯಾಯ

ದುಂಡು ಅಕ್ಷರಗಳ ಎರಡೂ ಪಕ್ಕ 22 ಯೂನಿಟ್, ನೇರ ಬದಿಯಿರುವವಕ್ಕೆ 34. ತಲೆಕಟ್ಟಿನ ಬಾಲ ಮುಂದಿನ ಅಕ್ಷರದ ಮೇಲೆ ಚಾಚಿಕೊಳ್ಳಲಿ, ಬರಹ ಓಡುವುದು ಅದರಿಂದಲೇ. ಆದರೆ ಮುಂದಿನದು ಗುಡಿಸಿನ ಅಕ್ಷರವಾದರೆ ಬಾಲ ಅದರ ನೆತ್ತಿಗೆ ಬಡಿಯುತ್ತದೆ. ತಲೆಕಟ್ಟಿನ ಗುಂಪು ಮತ್ತು ಗುಡಿಸಿನ ಗುಂಪು ಎಂದು ಮಾಡಿ ನಡುವೆ 20 ಯೂನಿಟ್ ಹೆಚ್ಚಿಸಿದರೆ ಬಹುತೇಕ ಘರ್ಷಣೆ ತೀರುತ್ತದೆ. ಅಕ್ಕಪಕ್ಕದ ಎರಡು ಅಕ್ಷರಕ್ಕೂ ಒತ್ತಿದ್ದಾಗ, ಉದಾಹರಣೆಗೆ ಉತ್ಪ್ರೇಕ್ಷೆ, ಕೆಳಗಿನ ಜಾಗವೇ ಮೇಲಿನದಕ್ಕಿಂತ ಬಿಗಿ. ಅಲ್ಲಿ ಜೋಡಿಜೋಡಿಯಾಗಿ ನೋಡಬೇಕು, ಬೇರೆ ಉಪಾಯವಿಲ್ಲ.

ಸಾಲಿನ ಎತ್ತರ ಮೇಲಕ್ಕೆ 800, ಕೆಳಕ್ಕೆ 420, ನಡುವಿನ ಬಿಡುವು ಸೊನ್ನೆ. ಫಾಂಟ್ ಕಡತದೊಳಗೆ ಮೂರು ಜಾಗಗಳಲ್ಲಿ ಬರೆಯುವ ಎತ್ತರದ ಅಳತೆಗಳೂ ಒಂದೇ ಇರಲಿ. ವಿಂಡೋಸ್ ನೋಡುವ ಕೆಳ ಅಳತೆ ಒತ್ತಿನ ತಳಕ್ಕಿಂತ ಕಡಿಮೆಯಾದರೆ ಒತ್ತುಗಳ ಬುಡ ಕತ್ತರಿಸಿ ಕಾಣುತ್ತದೆ.

ಅಡಿಗೆರೆಯಿಂದ ಅಕ್ಷರಗಳನ್ನು 12 ಯೂನಿಟ್ ಮೇಲೆ ಕೆಳಗೆ ಕುಣಿಸಬಹುದು. ಅದಕ್ಕಿಂತ ಹೆಚ್ಚು ಕುಣಿಸಿದರೆ ಒತ್ತಿನ ಸಾಲು ಡೊಂಕಾಗುತ್ತದೆ. ರ, ನ, ತ, ದ, ಕ, ಲ, ಸ, ಮ, ವ, ಯ ಈ ಹತ್ತಕ್ಕೆ ಎರಡನೇ ರೂಪ ಬರೆದು, ಹತ್ತಿರದಲ್ಲೇ ಅದೇ ಅಕ್ಷರ ಬಂದಿದ್ದರೆ ಎರಡನೆಯದನ್ನು ಬಳಸು ಎಂಬ ನಿಯಮವನ್ನು ಸಿಎಎಲ್‌ಟಿ ಎಂಬ, ಸಂದರ್ಭ ನೋಡಿ ರೂಪ ಬದಲಿಸುವ ಫೀಚರ್‌ನಲ್ಲಿ ಹಾಕಿದೆ. ತರತರದ, ನನ್ನನ್ನು, ದಾದಾ ಇಂಥ ಪದಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ನಡುವೆ ಇಳಿ, ಕೊಂಬು, ಒತ್ತು ಬಂದರೂ ನಿಯಮ ಕೆಲಸ ಮಾಡುವಂತೆ ಅವನ್ನೂ ಸಂದರ್ಭದಲ್ಲಿ ಸೇರಿಸಬೇಕು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಈ ಫೀಚರ್ ತಾನಾಗಿ ಚಾಲೂ ಇರುವುದಿಲ್ಲ, ಹಾಗಾಗಿ ಮೊದಲ ರೂಪವೇ ಎಲ್ಲ ಕಡೆ ಬಂದರೂ ಪದ ಚೆನ್ನಾಗಿರಬೇಕು.

ಪರೀಕ್ಷೆಗೆ ಹಾರ್ಫ್‌ಬಜ್ ಜೊತೆ ಬರುವ ಎಚ್‌ಬಿ-ವ್ಯೂ ಮತ್ತು ಎಚ್‌ಬಿ-ಶೇಪ್ ಸಾಕು. ಎರಡನೆಯದು ಯಾವ ಗ್ಲಿಫ್ ಯಾವ ಕ್ರಮದಲ್ಲಿ ಬಂತು ಎಂದು ಬರೆದು ತೋರಿಸುತ್ತದೆ, ನಿಯಮದ ತಪ್ಪೋ ಚಿತ್ರದ ತಪ್ಪೋ ಅಲ್ಲೇ ತಿಳಿಯುತ್ತದೆ. ಪದಗಳು: ಕರ್ನಾಟಕ, ಶ್ರೀ, ಲಕ್ಷ್ಮೀ, ಜ್ಞಾನ, ಸಾಂಸ್ಕೃತಿಕ, ರಾಷ್ಟ್ರ, ವೈಶಿಷ್ಟ್ಯ, ತ್ರೈಮಾಸಿಕ, ಕಾರ್ಯಕ್ರಮ, ಪುಸ್ತಕ, ಹೂವು, ಸ್ಟೋರ್ಸ್, ಸಾಫ್ಟ್‌ವೇರ್. ಇವಿಷ್ಟು ಸರಿಬಂದರೆ ಬೋರ್ಡಿನಲ್ಲಿ ಎದುರಾಗುವ ಹೆಚ್ಚಿನದೆಲ್ಲ ಸರಿಬರುತ್ತದೆ.

ಬಳಕೆ

ಕಾಗದದ ಮೇಲೆ 24 ಪಾಯಿಂಟ್‌ಗಿಂತ ಕೆಳಗೆ ಈ ಅಕ್ಷರ ಬೇಡ. ಎರಡರಿಂದ ಆರು ಪದದ ಶೀರ್ಷಿಕೆ ಇದರ ಹದ. ಕೆಳಗಿನ ವಿವರಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಶಾಂತ ಅಕ್ಷರ ಇಟ್ಟರೆ ಬ್ರಷ್ಷಿನ ಲವಲವಿಕೆ ಎದ್ದು ಕಾಣುತ್ತದೆ. ಯಕ್ಷಗಾನದ ಪ್ರಸಂಗದ ಹೆಸರು, ದರ್ಶಿನಿಯ ತಿಂಡಿ ಪಟ್ಟಿಯ ತಲೆಬರಹ, ಮಕ್ಕಳ ಪುಸ್ತಕದ ಮುಖಪುಟ, ರಾಜ್ಯೋತ್ಸವದ ಬ್ಯಾನರ್, ಇಲ್ಲೆಲ್ಲ ಹೊಂದುತ್ತದೆ. ಆಸ್ಪತ್ರೆಯ ದಾರಿಸೂಚಿ, ಔಷಧಿಯ ಲೇಬಲ್, ಕಾನೂನಿನ ನೋಟಿಸ್, ಇವಕ್ಕೆ ಸಲ್ಲದು. ಧ, ಥ ಗಳನ್ನು ನಿಧಾನಿಸಿ ಓದುವ ಅಕ್ಷರವನ್ನು ಅವಸರದ ಜಾಗದಲ್ಲಿ ಇಡಬಾರದು.

ನಾಮಫಲಕದಲ್ಲಿ 60 ಪ್ರತಿಶತ ಕನ್ನಡ ಇರಬೇಕೆಂಬ ನಿಯಮ 2024ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕಾನೂನಾಗಿದೆ. ಕನ್ನಡ ದೊಡ್ಡದಾಗುವಾಗ ಅದಕ್ಕೊಂದು ಒಳ್ಳೆಯ ಮುಖವೂ ಬೇಕು. ಇಂಗ್ಲಿಷ್ ಲೋಗೋ ಬ್ರಷ್ ಶೈಲಿಯಲ್ಲಿದ್ದು ಪಕ್ಕದ ಕನ್ನಡ ಯಾವುದೋ ಸಿಕ್ಕಿದ ಫಾಂಟಿನಲ್ಲಿದ್ದರೆ ಕನ್ನಡ ಬಲವಂತಕ್ಕೆ ಸೇರಿಸಿದಂತೆ ಕಾಣುತ್ತದೆ. ಎರಡೂ ಲಿಪಿಯ ಗೆರೆಯ ದಪ್ಪ ಸಮವಾಗುವಂತೆ ಅಳತೆ ಹೊಂದಿಸಿ, ಎತ್ತರ ಸಮ ಮಾಡಲು ಹೋಗಬೇಡಿ. ಬೋರ್ಡಿನ ಕೆಳಅಂಚಿನಿಂದ ಅಡಿಗೆರೆಗೆ ಅಕ್ಷರದ ಎತ್ತರದ ಮುಕ್ಕಾಲು ಭಾಗ ಬಿಡಿ, ಒತ್ತು ಚೌಕಟ್ಟಿಗೆ ತಾಗಬಾರದು. ದೂರದ ಓದಿಗೆ ಬೋರ್ಡಿನವರ ಲೆಕ್ಕ 10 ಅಡಿಗೆ 1 ಇಂಚು ಎತ್ತರ. ಒತ್ತು, ಒಳಚುಕ್ಕೆಗಳಿರುವ ಕನ್ನಡಕ್ಕೆ 7 ಅಡಿಗೆ 1 ಇಂಚು ಎಂದಿಟ್ಟುಕೊಂಡರೆ ಒಳ್ಳೆಯದು.

ವಿನೈಲ್ ಕತ್ತರಿಸುವುದಾದರೆ ಅತಿ ತೆಳು ಗೆರೆ 3 ಮಿ.ಮೀ.ಗಿಂತ ಕಡಿಮೆಯಾಗದ ಅಳತೆ ಆರಿಸಿ. ಈ ಫಾಂಟಿನ ತೆಳು ಗೆರೆ 62 ಯೂನಿಟ್, ತಲೆಕಟ್ಟಿನ ನೆತ್ತಿ 600. ಅಂದರೆ ಅಕ್ಷರ 30 ಮಿ.ಮೀ. ಎತ್ತರವಾದರೂ ಇರಬೇಕು. ಅಕ್ರಿಲಿಕ್‌ನಲ್ಲಿ ಉಬ್ಬು ಅಕ್ಷರ ಕೊಯ್ಯುವಾಗ ಠ, ಥ ಗಳ ಒಳಚುಕ್ಕೆ ಬಿಡಿ ತುಂಡಾಗಿ ಕೈಗೆ ಬರುತ್ತದೆ. ಹಿಂದೊಂದು ಪಾರದರ್ಶಕ ಹಲಗೆ ಕೊಡಿ, ಇಲ್ಲವೇ ಚುಕ್ಕೆಯನ್ನು ಸಣ್ಣ ಸೇತುವೆಯಿಂದ ಹೊಟ್ಟೆಗೆ ಕೂಡಿಸಿದ ರೂಪ ಮಾಡಿಕೊಳ್ಳಿ. ಹೊರಗೆ ಕಟ್ಟುವ ಒತ್ತುಗಳೂ ಬಿಡಿ ತುಂಡುಗಳೇ. ಅಂಟಿಸುವವರಿಗೆ ಪೂರ್ಣ ಅಳತೆಯ ಕಾಗದದ ನಕ್ಷೆ ಕೊಡದಿದ್ದರೆ ಅವು ಎಲ್ಲೆಲ್ಲೋ ಕೂರುತ್ತವೆ.

ಯೂಟ್ಯೂಬ್ ಥಂಬ್‌ನೇಲ್‌ನ 1280×720 ಅಳತೆಯಲ್ಲಿ ಅಕ್ಷರ 90 ಪಿಕ್ಸೆಲ್‌ಗಿಂತ ಕುಳ್ಳಗಿರಬಾರದು. ಹೊರಗೆರೆಯ ಪಟ್ಟಿ ಹಾಕುವುದಾದರೆ ಹೊರಮುಖಕ್ಕೆ ಮಾತ್ರ, ಒಳಮುಖಕ್ಕೆ ಹಾಕಿದರೆ ಹೊಟ್ಟೆ ತುಂಬಿಹೋಗುತ್ತದೆ. ವೆಬ್‌ಪುಟದಲ್ಲಿ ಬ್ರೌಸರ್ ತಾನೇ ಮಾಡುವ ಕೃತಕ ಬೋಲ್ಡನ್ನು ಮುಚ್ಚಿ. ಶೀರ್ಷಿಕೆಗಳಿಗೆ ಬೋಲ್ಡ್ ಎನ್ನುವುದು ಬ್ರೌಸರ್‌ನ ಅಭ್ಯಾಸ, ಒಂದೇ ತೂಕದ ಈ ಫಾಂಟನ್ನು ಅದು ಹಿಗ್ಗಿಸಿ ತಲೆಕಟ್ಟಿನ ಬಿಳಿಯನ್ನೆಲ್ಲ ನುಂಗುತ್ತದೆ. ಕಡತ ಚಿಕ್ಕದಾಗಿಸಲು ಅಕ್ಷರಗಳನ್ನು ಕಡಿಮೆ ಮಾಡುವವರು ಓಪನ್‌ಟೈಪ್ ಫೀಚರ್‌ಗಳನ್ನೆಲ್ಲ ಉಳಿಸಿಕೊಳ್ಳುವ ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಪರ್ಯಾಯ ರೂಪಗಳು ಮಾಯವಾಗಬಹುದು.

ಡಿಟಿಪಿ ಅಂಗಡಿಯಲ್ಲಿ ಒತ್ತು ಒಡೆದು ಕಂಡರೆ ಫಾಂಟನ್ನು ಬೈಯುವ ಮೊದಲು ಸಾಫ್ಟ್‌ವೇರ್‌ನ ಸೆಟ್ಟಿಂಗ್ ನೋಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿರಬೇಕು, ಇಲಸ್ಟ್ರೇಟರ್‌ನಲ್ಲಿ ಇಂಡಿಕ್ ಆಯ್ಕೆಗಳನ್ನು ತೆರೆದು ದಕ್ಷಿಣ ಏಷ್ಯಾದ ಕಂಪೋಸರ್ ಹಾಕಬೇಕು. ನುಡಿ ಅಥವಾ ಬರಹ ಸಾಫ್ಟ್‌ವೇರ್‌ನಲ್ಲಿ ಟೈಪಿಸಿದ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಪಠ್ಯವನ್ನು ಅಂಟಿಸಿದರೆ ಬರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಮುದ್ರಣಕ್ಕೆ ಕಳಿಸುವ ಕಡತದಲ್ಲಿ ಅಕ್ಷರಗಳನ್ನು ಹೊರಗೆರೆಯಾಗಿಸಿ, ಜೊತೆಗೆ ಪಠ್ಯವಾಗಿಯೇ ಉಳಿದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಅಂಗಡಿಯವರು ಫೋನ್ ನಂಬರ್ ಬದಲಿಸಲು ಬಂದಾಗ ಬೇಕಾಗುವುದು ಆ ಪ್ರತಿ.